ಅಂಬಿಗನ ಬಟನ್ನು

ನಮ್ಮ ಊರಿನಲ್ಲಿ ಜನ ನಿಂತು ಚೌಕಾಸಿ ಮಾಡಿದ ಕಡೆ ರಸ್ತೆ ಅಗಲವಾಗುತ್ತದೆ. ಮಾತು ನಿಂತ ಕಡೆ ಕಿರಿದಾಗುತ್ತದೆ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಪುರಸಭೆಯವರು ಸರಪಳಿ ಹಿಡಿದು ಊರನ್ನೆಲ್ಲ ಅಳೆಯುತ್ತಾರೆ. ಹನ್ನೊಂದು ವರ್ಷ ಆ ಕೆಲಸ ಮಾಡಿದವನು ನನ್ನ ಗಂಡ ಶ್ರೀಪಾದ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಮೂರು ದಿನದ ಜ್ವರಕ್ಕೆ ಅವನು ತೀರಿಕೊಂಡ. ಅನುಕಂಪದ ಮೇಲೆ ಆ ಕೆಲಸ ನನಗೆ ಬಂತು. ನಾನು ಭೂಗೋಳದಲ್ಲಿ ಎಂ.ಎ. ಮಾಡಿದವಳು ಎಂದು ತಿಳಿದು ಮುಖ್ಯಾಧಿಕಾರಿಗಳಿಗೆ ಸಮಾಧಾನವಾಯಿತು. ಕುರ್ಚಿ ಅವನದೇ. ಅದರ ಮೇಲಿನ ಚಪ್ಪಟೆಯಾದ ದಿಂಬೂ ಅವನದೇ. ಅಳತೆ ಪುಸ್ತಕದಲ್ಲಿ ಅವನ ಅಕ್ಷರ ನಿಂತಲ್ಲಿಂದ ನನ್ನ ಅಕ್ಷರ ಶುರುವಾಗಬೇಕಿತ್ತು.

ನಿಯಮಗಳು ಕಷ್ಟದವಲ್ಲ. ಒಂದು ವರ್ಷದಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚು ಕಿರಿದಾದರೆ ಅದು ಸತ್ತ ಜಾಗ. ಅಲ್ಲಿ ಕೂತು ಮಾರುವವರನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಬೇಕು. ಎಬ್ಬಿಸಿದವರನ್ನು ಇಕ್ಕಟ್ಟಾದ ಓಣಿಗೆ ಕಳಿಸಬೇಕು. ಆ ಓಣಿ ನಾಲ್ಕು ಮೊಳ ಅಗಲವಾಯಿತೆಂದರೆ ಅಲ್ಲಿಂದ ಮುಂದಿನ ಇಕ್ಕಟ್ಟಿನ ಓಣಿಗೆ. ಸೊಪ್ಪಿನವರು, ಸೂಜಿಯವರು, ಹಳೇ ಪಾತ್ರೆಯವರು ಹೀಗೆ ಊರು ತಿರುಗುತ್ತಾರೆ. ಸೊಪ್ಪಿನ ಪೇಟೆಯಲ್ಲಿ ಈಗ ಎರಡು ಲಾರಿ ಜೋಡಿಯಾಗಿ ಹೋಗುತ್ತವೆ. ಅದರ ಹಿಂದಿನ ಬೀದಿಯಲ್ಲಿ ‘ಒಂದೇ ದರ’ ಎಂದು ಬೋರ್ಡು ಹಾಕಿದ ಬಟ್ಟೆ ಅಂಗಡಿಯವನು ತನ್ನ ಅಂಗಡಿಗೆ ತಾನೇ ಅಡ್ಡಡ್ಡ ಸರಿದು ಒಳಗೆ ಹೋಗುತ್ತಾನೆ. ರಸ್ತೆ ಅಗಲವಾದರೆ ಮನೆಗಳು ಹಿಂದೆ ಸರಿದು ಸಣ್ಣದಾಗುತ್ತವೆ, ಕಿರಿದಾದರೆ ಮುಂದೆ ಬಂದು ದೊಡ್ಡದಾಗುತ್ತವೆ. ದೊಡ್ಡ ಮನೆ ಬೇಕೆನ್ನುವವರು ಬಾಗಿಲ ಮುಂದೆ ಯಾರನ್ನೂ ನಿಲ್ಲಿಸಿಕೊಳ್ಳುವುದಿಲ್ಲ.

ನಾವು ಬಾಡಿಗೆಗಿದ್ದ ವಕೀಲರ ಓಣಿ ಅಂಥದು. ದಿನವಿಡೀ ಕೋರ್ಟಿನಲ್ಲಿ ಗಂಟಲು ಹರಿದುಕೊಂಡು ಬಂದವರು ಮನೆ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ತರಕಾರಿ ಚೀಲದಲ್ಲಿ ಬರುತ್ತಿತ್ತು, ಹಾಲು ಪಾಕೀಟಿನಲ್ಲಿ. ಮದುವೆಯಾದ ನಾಲ್ಕು ವರ್ಷದಲ್ಲಿ ನಮ್ಮ ಪಡಸಾಲೆ ದೊಡ್ಡದಾಗುತ್ತಲೇ ಹೋಯಿತು. ಊಟಕ್ಕೆ ಎದುರುಬದುರು ಕೂತರೆ ಅವನು ಸ್ವಲ್ಪ ದೂರವಾಗಿ ಕಾಣುತ್ತಿದ್ದ. ಅವನು ಸತ್ತ ದಿನ ಓಣಿ ಎರಡೂವರೆ ಮೊಳ ಇತ್ತು. ಚಟ್ಟ ನೇರವಾಗಿ ಹಿಡಿಯಲಿಲ್ಲ. ಒಂದು ಮಗ್ಗುಲಿಗೆ ವಾಲಿಸಿ, ಎರಡು ಹೆಗಲ ಮೇಲೆ, ಗೋಡೆಗೆ ತಾಗಿಸುತ್ತ ಒಯ್ದರು. ಅವನ ಮುಖ ಗೋಡೆಯ ಕಡೆ ತಿರುಗಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ನೋಡುತ್ತ ನಿಂತೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಜನ ಆಡಿಕೊಂಡರು. ಅದೂ ಏನೂ ಅನ್ನಿಸಲಿಲ್ಲ.

ಹತ್ತು ತಿಂಗಳ ನಂತರ ನನ್ನ ಮೊದಲ ಅಳತೆ ಬಂತು. ಸರಪಳಿಯ ಇನ್ನೊಂದು ತುದಿ ಹಿಡಿದವರು ಇಮಾಮಸಾಬರು. ಅವರು ಹನ್ನೊಂದು ವರ್ಷವೂ ಶ್ರೀಪಾದನ ಜೊತೆ ಇದ್ದವರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಹಳೇ ಖಜಾನೆಯ ಮೂಲೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಒಬ್ಬಳು ತಾಡಪಾಲು ಹಾಸಿ ಕೂತಿದ್ದಳು. ತೆಂಗಿನ ಚಿಪ್ಪುಗಳಲ್ಲಿ ಬಟನ್ನು, ಹುಕ್ಕು, ಪಿನ್ನು. ಪಕ್ಕದಲ್ಲಿ ಲಾಡಿಯ ಉಂಡೆಗಳು. ಹಳೇ ಬಟ್ಟೆಯಿಂದ ಕತ್ತರಿಸಿದ ಬಟನ್ನುಗಳೇ ಹೆಚ್ಚು. ಪುಸ್ತಕ ತೆಗೆದೆ. ‘ಖಜಾನೆ ಮೂಲೆ, ಫಕ್ಕೀರವ್ವ’ ಎಂದು ಅವನ ಅಕ್ಷರ. ಕಳೆದ ನಾಲ್ಕು ವರ್ಷ, ವರ್ಷಕ್ಕೊಂದು ಮೊಳದಂತೆ ಜಾಗ ಬೆಳೆದಿತ್ತು. ಊರಿನಲ್ಲಿ ಬೇರೆಲ್ಲೂ ಹಾಗೆ ಬೆಳೆದಿರಲಿಲ್ಲ.

“ಎರಡ ಬೆರಳ ಕಡಿಮಿ ಆಗೇತ್ರಿ ಬಾಯಾರ,” ಎಂದರು ಇಮಾಮಸಾಬರು.

“ಮೊಳಗಟ್ಟಲೆ ಬೆಳೆದ ಜಾಗ ಈ ವರ್ಷ ಯಾಕ ಹಿಂಗಾತು?”

ಅವರು ಸರಪಳಿ ಸುತ್ತತೊಡಗಿದರು. “ಹೋಗ್ಲಿ ಬಿಡ್ರಿ.”

“ಹೇಳ್ರಿ.”

“ರಾಯರು ಹೋದ್ಮ್ಯಾಲ ಹಿಂಗ ಆಗೂದ ಅಲ್ರೀ,” ಎಂದರು, ನೆಲ ನೋಡುತ್ತ. “ದಿನಾ ಸಂಜಿಕ ಆಫೀಸ್ ಬಿಟ್ಟ ಕೂಡ್ಲೆ ಇಲ್ಲೆ ನಿಂದರತಿದ್ರು. ಒಂದ ಬಟನ್ನಿಗೆ ಅರ್ಧಾ ತಾಸ ಚೌಕಾಸಿ. ಏನ್ ಮಾತ್ರಿ ಅವು, ಏನ್ ನಗಿ! ಹಾದಿ ಹಿಡದ ಹೋಗೋ ಮಂದಿ ನಿಂತ ಕೇಳತಿದ್ರು.”

ಮನೆಗೆ ಬಂದು ಅವನು ‘ತಡ ಆತು’ ಎನ್ನುತ್ತಿದ್ದ. ನಾನು ಚಹಾಕ್ಕೆ ಇಡುತ್ತಿದ್ದೆ. ಅವನು ಜೋರಾಗಿ ನಕ್ಕದ್ದನ್ನು ನಾನು ಯಾವಾಗ ಕೇಳಿದ್ದು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಫಕ್ಕೀರವ್ವ ನನ್ನನ್ನೇ ನೋಡುತ್ತಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ಮುಂದಿನ ಹಲ್ಲು ಒಂದರ ಮೇಲೊಂದು ಏರಿತ್ತು. ಕೈ ಒರಟು. ಚೆಂದ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ನೀರ ಕುಡೀತೀರೇನ್ರಿ ಅಕ್ಕಾರ? ಬಿಸಲ ಭಾಳ ಐತಿ,” ಎಂದಳು. ಬೇಡವೆಂದು ತಲೆ ಅಲ್ಲಾಡಿಸಿ ಮುಂದೆ ನಡೆದೆ. ಹತ್ತು ತಿಂಗಳಲ್ಲಿ ಮೊದಲ ಸಲ ಒಳಗೆ ಏನೋ ಹೊತ್ತಿಕೊಂಡಿತ್ತು. ಅದು ದುಃಖವಲ್ಲ, ಹೊಟ್ಟೆಕಿಚ್ಚು. ನೆರೆಮನೆಯಿಂದ ಕೆಂಡ ತರುವವರ ಹಾಗೆ ಅದನ್ನು ಆರಗೊಡದೆ ಮನೆಗೆ ತಂದೆ.

ಕಪಾಟಿನ ಮೇಲೆ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಅತ್ತೆಯ ಕಾಲದ್ದೆಂದು ನಾನು ಯಾವತ್ತೂ ತೆರೆದಿರಲಿಲ್ಲ. ಈಗ ಇಳಿಸಿ ನೆಲದ ಮೇಲೆ ಬೋರಲು ಮಾಡಿದೆ. ಬಟನ್ನುಗಳು ಸುರಿದವು. ಕಪ್ಪು, ಚಿಪ್ಪಿನದು, ಹಿತ್ತಾಳೆಯದು, ತುದಿ ಮುರಿದದ್ದು. ಯಾವ ಎರಡೂ ಒಂದೇ ಥರ ಇರಲಿಲ್ಲ. ಒಂದು ಅಂಗಿಗೆ ಹಚ್ಚಲಿಕ್ಕೆ ಬರುವಂಥದು ಏನೂ ಇರಲಿಲ್ಲ. ಅವನ ನಾಲ್ಕು ವರ್ಷದ ಸಂಜೆಗಳನ್ನು ನಾನು ಕಸಬರಿಗೆಯಿಂದ ಗುಡಿಸಿ ಮತ್ತೆ ಡಬ್ಬಿಗೆ ತುಂಬಿದೆ.

ಮದುವೆಯಾದ ಹೊಸತರಲ್ಲಿ ಅವನು ಒಮ್ಮೆ ಊಟ ಮಾಡುತ್ತ ಕಥೆ ಹೇಳತೊಡಗಿದ್ದ. ಖಜಾನೆ ರಸ್ತೆ ಇರುವಲ್ಲಿ ಹಿಂದೆ ಹೊಳೆ ಇತ್ತಂತೆ, ಅದನ್ನು ದಾಟಿಸುವ ಒಬ್ಬ ಅಂಬಿಗ ಇದ್ದನಂತೆ. ನಾನು ನಡುವೆ ಬಾಯಿ ಹಾಕಿದೆ. ಆ ಕಡೆಯ ಇಳಿಜಾರು ಬೇರೆ, ಮಣ್ಣು ಬೇರೆ, ಅಲ್ಲಿ ಹೊಳೆ ಹರಿದಿರಲು ಸಾಧ್ಯವೇ ಇಲ್ಲ ಎಂದು ವಿವರಿಸಿದೆ. ಚೆನ್ನಾಗಿ ವಿವರಿಸಿದೆ. ಅವನು “ಹೌದಲ್ಲ” ಎಂದು ಮಜ್ಜಿಗೆ ಹಾಕಿಸಿಕೊಂಡ. ಆಮೇಲೆ ಮನೆಯಲ್ಲಿ ಯಾವ ಕಥೆಯನ್ನೂ ಹೇಳಲಿಲ್ಲ. ಅವನ ಸ್ವಭಾವವೇ ಕಡಿಮೆ ಮಾತಿನದೆಂದು ನಾನು ತಿಳಿದೆ. ಬಂಧುಗಳಿಗೂ ಹಾಗೆಯೇ ಹೇಳುತ್ತಿದ್ದೆ.

ಮರುದಿನ ಆಫೀಸಿನಲ್ಲಿ ಪುಸ್ತಕ ತೆರೆದು ಅವನ ಸಾಲಿನ ಕೆಳಗೆ ಬರೆದೆ: ಖಜಾನೆ ಮೂಲೆ, ಐದು ಬೆರಳು ಕಡಿಮೆ. ಇಮಾಮಸಾಬರು ಎದುರಿಗೇ ನಿಂತಿದ್ದರು. ಓದಿದರು. ಸರಪಳಿಗೆ ಎಣ್ಣೆ ಹಚ್ಚಲು ಹೋದರು. ಇಪ್ಪತ್ತು ವರ್ಷದಿಂದ, ಅದಕ್ಕೂ ಮೊದಲು ತಾಯಿಯ ಕಾಲದಿಂದ ಕೂತ ಜಾಗದಿಂದ ಅವಳು ಏಳಬೇಕು, ಎಲ್ಲಿಗಾದರೂ ಹೋಗಿ ಮಾತಿಲ್ಲದ ಕಡೆ ಕೂರಬೇಕು. ನನಗೆ ಬೇಕಾಗಿದ್ದು ಅಷ್ಟೇ. ಆ ವಾರ ನಾನು ಎರಡು ಹೊತ್ತೂ ಹೊಟ್ಟೆ ತುಂಬ ಉಂಡೆ.

ಸತ್ತ ಜಾಗದವರ ಪಟ್ಟಿ ಒಂದು, ಇಕ್ಕಟ್ಟಿನ ಓಣಿಗಳ ಪಟ್ಟಿ ಒಂದು. ಎರಡನ್ನೂ ಮೇಲಿನಿಂದ ಕೆಳಗೆ ಜೋಡಿಸಿ ಟೈಪು ಮಾಡಿದವಳು ನಾನೇ. ಆ ವರ್ಷ ಸತ್ತದ್ದರಲ್ಲಿ ಮೊದಲನೆಯದು ಖಜಾನೆ ಮೂಲೆ. ಊರಿನಲ್ಲೇ ಅತಿ ಇಕ್ಕಟ್ಟಾದ ಓಣಿ ವಕೀಲರ ಓಣಿ. ಬೆರಳು ತಾನಾಗಿ ಹೊಡೆಯುತ್ತ ಹೋಯಿತು. ಮುಖ್ಯಾಧಿಕಾರಿಗಳು ಸಹಿ ಹಾಕಿದರು. ಕಾಗದ ಕೈಗೆ ವಾಪಸು ಬಂದಾಗಲೂ ನಾನು ಓದಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ಗೋಡೆಗೆ ಫಕ್ಕೀರವ್ವ ನಿಂತಿದ್ದಳು. ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ತಾಡಪಾಲು.

“ಇಲ್ಲೆ ಕುಂಡ್ರಲೇನ್ರಿ ಅಕ್ಕಾರ? ಆಫೀಸ್ನವ್ರು ಈ ಗ್ವಾಡಿ ತೋರಿಸ್ಯಾರ.”

“ಕೂಡ್ರು,” ಎಂದೆ. ಬೇರೆ ಏನು ಹೇಳಲು ಬರುತ್ತಿತ್ತು?

ಎರಡೂವರೆ ಮೊಳದ ಓಣಿಯಲ್ಲಿ ಅವಳು ಕೂತರೆ ಒಬ್ಬರು ಹೋಗುವಷ್ಟೂ ಉಳಿಯುತ್ತಿರಲಿಲ್ಲ. ವಕೀಲರು ಪ್ಯಾಂಟು ಎತ್ತಿ, ಫೈಲು ತಲೆಯ ಮೇಲಿಟ್ಟು, ತಾಡಪಾಲಿನ ಅಂಚು ದಾಟುತ್ತಿದ್ದರು. ಪಕ್ಕದ ಮನೆಯ ದೇಸಾಯಿ ವಕೀಲರ ಹೆಂಡತಿ ವತ್ಸಲಾಬಾಯಿ ಮೊದಲ ದಿನವೇ ಕಿಟಕಿಯಿಂದ ಹೇಳಿದರು: “ನಮಗೇನೂ ಬ್ಯಾಡವಾ. ಇಲ್ಲೆ ಕೂಗಬ್ಯಾಡ. ಪಡಸಾಲಿ ಸಣ್ಣದಾಗ್ತದ.” ಫಕ್ಕೀರವ್ವ ಕೂಗಲಿಲ್ಲ. ಬೆಳಿಗ್ಗೆ ಚಿಪ್ಪು ಜೋಡಿಸುತ್ತಿದ್ದಳು, ಸಂಜೆ ಎತ್ತಿಡುತ್ತಿದ್ದಳು. ಒಂದು ಪಿನ್ನೂ ಹೋಗುತ್ತಿರಲಿಲ್ಲ. ನಾನು ದಿನಕ್ಕೆರಡು ಸಲ ಅವಳನ್ನು ದಾಟಿ ಹೋದೆ. ಕಿಟಕಿಯ ಸಂದಿಯಿಂದ ನೋಡಿದೆ. ಮಧ್ಯಾಹ್ನದ ರೊಟ್ಟಿಯನ್ನು ಅವಳು ಅರ್ಧ ಮುರಿದು ಉಳಿದರ್ಧ ಸಂಜೆಗೆ ಕಟ್ಟಿಡುತ್ತಿದ್ದಳು. ನನ್ನ ಕಿಚ್ಚಿಗೆ ಅದೂ ಸಾಲಲಿಲ್ಲ. ಎಷ್ಟಾದರೂ ಅವಳ ಕಿವಿಯಲ್ಲಿ ಅವನ ಮಾತು ಇತ್ತು. ನನ್ನ ಬಳಿ ಬಟನ್ನು ಮಾತ್ರ.

ಹದಿಮೂರನೆಯ ದಿನ ಓಣಿ ಇನ್ನೂ ಒಂದು ಬೆರಳು ಕಿರಿದಾಯಿತು. ತಾಡಪಾಲಿನ ಅಂಚು ನನ್ನ ಮೆಟ್ಟಿಲು ಮುಟ್ಟಿತು. ಫಕ್ಕೀರವ್ವ ಅದನ್ನು ಅರ್ಧ ಮಡಚಿ, ಮೊಣಕಾಲು ಎದೆಗೆ ತಂದು ಕೂತಳು. ಆ ಸಂಜೆ ನಾನು ಡಬ್ಬಿಯಿಂದ ಕೈಗೆ ಸಿಕ್ಕ ಒಂದು ಬಟನ್ನು ತೆಗೆದುಕೊಂಡು ಹೊರಗೆ ಬಂದೆ. ದೊಡ್ಡದು, ಕಪ್ಪು, ನಾಲ್ಕು ತೂತಿನದು, ಅಂಚು ಸ್ವಲ್ಪ ಒಡೆದಿತ್ತು. ಮೆಟ್ಟಿಲ ಮೇಲೆ ಕೂತು ಅವಳ ಮುಂದೆ ಇಟ್ಟೆ.

“ಇದಕ್ಕ ಎಷ್ಟು?”

ಅವಳು ಮುಟ್ಟಲಿಲ್ಲ. “ಅದು ಮಾರಿದ್ದರಿ. ನಂದಲ್ಲ.”

“ಯಾರಿಗೆ ಮಾರಿದ್ದಿ?”

“ನಿಮಗ ಗೊತ್ತೈತಿ.”

“ದಿನಾ ಏನ ಮಾತಾಡತಿದ್ರು ಅವರು?”

“ಚೌಕಾಸಿ ಮಾಡತಿದ್ರು.”

“ಅರ್ಧ ತಾಸು?”

“ಚೊಲೋ ಗಿರಾಕಿ ಅರ್ಧಾ ತಾಸ ಮಾಡತಾರ್ರಿ. ನಾ ಒಂದ ರೇಟ್ ಹೇಳಾಕಿ. ಈ ಬಟನ್ನು ಅಷ್ಟಕ್ಕ ಯಾಕ ಆಗೂದಿಲ್ಲ ಅಂತ ಅವ್ರು ಅದರ ಹಕೀಕತ್ ತಗೀತಿದ್ರು. ಇದು ಒಬ್ಬ ಪೋಸ್ಟಮನ್ದು, ಓಡಿ ಓಡಿ ಹೊಟ್ಟಿ ಕರಗಿ ಬಟನ್ನು ತಾನ ಉದುರಿ ಬಿತ್ತು, ಇಂಥಾ ಉಪವಾಸದ ಬಟನ್ನಿಗೆ ಅಷ್ಟ್ಯಾಕ ಕೊಡ್ಲಿ ಅನ್ನವ್ರು. ಇದು ಮದುವಿ ಗಂಡಿಂದು, ತಾಳಿ ಕಟ್ಟೂ ಮುಂದ ಹರಿದ ಬಿದ್ದದ್ದು, ಅಪಶಕುನದ ಮಾಲು, ಕಡಿಮಿ ಮಾಡು ಅನ್ನವ್ರು. ನಾ ಬಿಡತಿದ್ದಿಲ್ರಿ. ಅಪಶಕುನ ಆಗಿದ್ರ ಹದಿನಾಕ ಮಕ್ಕಳ ಹೆಂಗಾದ್ವು ಅಂವಗ ಅಂತ ಕೇಳತಿದ್ದೆ.” ಅವಳು ಬಾಯಿಗೆ ಸೆರಗು ಹಿಡಿದುಕೊಂಡಳು. ಏರಿದ ಹಲ್ಲು ಮುಚ್ಚಿಕೊಳ್ಳುವ ರೂಢಿ ಇರಬೇಕು.

“ಮತ್ತ ಇದು?” ಎಂದೆ, ಕರಿ ಬಟನ್ನು ತೋರಿಸಿ.

“ಇದು ಅಂಬಿಗನ ಕೋಟಿಂದು. ಖಜಾನಿ ರಸ್ತೇದಾಗ ಹೊಳಿ ಹರೀತಿತ್ತಲ್ರಿ, ಆಗ ದಾಟಸ್ತಿದ್ದನಲ್ಲ, ಅಂವ.”

“ಅಲ್ಲೆ ಹೊಳಿ ಇರಲಿಲ್ಲ.”

“ಇತ್ತ್ರಿ.”

“ಇರಲಿಲ್ಲ. ಆ ಮಣ್ಣು ಹೊಳಿ ಮಣ್ಣಲ್ಲ. ನಾ ಓದೇನಿ.”

“ರಾಯರು ಹೇಳ್ಯಾರ್ರಿ!”

“ನನಗ ಮೊದಲ ಹೇಳಿದ್ರು. ನಿನಗಿಂತ ಮೊದಲ!”

“ಹೇಳಿದ್ರ ಪೂರಾ ಯಾಕ ಕೇಳಲಿಲ್ರಿ?”

ನಾನು ಎದ್ದು ನಿಂತಿದ್ದೆ. ನನ್ನ ದನಿ ಓಣಿಯ ಆ ತುದಿಯ ತನಕ ಹೋಗಿ ಬಂದದ್ದು ನನಗೇ ಕೇಳಿಸಿತು. ವತ್ಸಲಾಬಾಯಿಯ ಕಿಟಕಿ ಒಂದು ಗೇಣು ತೆರೆಯಿತು. ಫಕ್ಕೀರವ್ವ ದನಿ ಇಳಿಸಲಿಲ್ಲ. “ನಮ್ಮನ್ಯಾಗ ಹೊಳಿ ಬತ್ತಿ ಹೋತು ಫಕ್ಕೀರವ್ವಾ, ನಿನ್ನ ಮೂಲ್ಯಾಗ ಹರೀತಿರ್ಲಿ ಬಿಡು ಅಂತಿದ್ರು. ನಕ್ಕೋತ ಅಂತಿದ್ರು. ನಾ ಏನ ಮಾಡ್ಲಿ?”

“ನಿನಗೂ ಅವರಿಗೂ ಏನಿತ್ತು?” ಎಂದು ಕೇಳಿಯೇ ಬಿಟ್ಟೆ.

“ಚೌಕಾಸಿ ಇತ್ತ್ರಿ.” ಅವಳು ಸ್ವಲ್ಪ ಹೊತ್ತು ಲಾಡಿಯ ಉಂಡೆ ತಿರುಗಿಸಿದಳು. “ಸಂಜಿ ಆತಂದ್ರ ಹಾದಿ ನೋಡತಿದ್ದೆ. ಸುಳ್ಳ ಯಾಕ ಹೇಳ್ಲಿ. ಆದ್ರ ಅದಕ್ಕ ಯಾವ ಹೆಸರೂ ಇಲ್ರಿ ಅಕ್ಕಾರ. ನೀವ ಅಳಬಹುದಿತ್ತು, ನಾಕ ಮಂದಿ ನಡಕ ಕುಂತು ಬಾಯಿ ಬಿಟ್ಟ ಅಳಬಹುದಿತ್ತು. ಗಿರಾಕಿ ಸತ್ತಾ ಅಂತ ಮಾರಾಕಿ ಅತ್ರ ಮಂದಿ ಏನಂದಾರು? ನಾ ಅವತ್ತೂ ಅಂಗಡಿ ಹಚ್ಚೀನಿ. ಹುಕ್ಕ ಮಾರೀನಿ.”

“ನಾ ಅತ್ತಿಲ್ಲ,” ಎಂದೆ.

“ಗೊತ್ತೈತ್ರಿ. ಇಮಾಮಸಾಬರು ಹೇಳಿದ್ರು. ಅದಕ್ಕ ನಂಗ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದಿತ್ತು.”

ಅವಳು ನೆಲಕ್ಕೆ ಕೈ ಊರಿ, ನನ್ನ ಮೆಟ್ಟಿಲಿಗೂ ತನ್ನ ಗೋಡೆಗೂ ನಡುವೆ ಗೇಣು ಹಾಕಿದಳು. ಕೂತು ಮಾರುವವರಿಗೆ ತಮ್ಮ ಜಾಗದ ಅಳತೆ ಕೈಯಲ್ಲೇ ಇರುತ್ತದೆಂದು ನಾನು ಯೋಚಿಸಿರಲಿಲ್ಲ. “ಖಜಾನಿ ಮೂಲ್ಯಾಗ ದಿನಾ ಮುಂಜಾನೆ ಹಿಂಗ ಅಳೀತಿದ್ದೆ,” ಎಂದಳು. “ಎರಡ ಬೆರಳ ಹೋಗಿತ್ರಿ. ಐದ ಅಲ್ಲ.”

“ಗೊತ್ತಿದ್ರೂ ಆಫೀಸಿಗೆ ಬಂದು ಯಾಕ ಹೇಳಲಿಲ್ಲ?”

“ಹೆಂಡ್ತಿ ಅದೀರಿ. ಮೂರ ಬೆರಳ ನಿಮ್ಮ ಪಾಲಿಗೆ ಇರವಲ್ದ್ಯಾಕ ಅಂತ ಸುಮ್ಮನಾದೆ.”

ನಾನು ಕರಿ ಬಟನ್ನು ಎತ್ತಿಕೊಂಡೆ. “ಅಂಬಿಗನ ಕಥಿ ಹೇಳು.”

“ಪುಕ್ಕಟ ಹೆಂಗ ಹೇಳ್ಲ್ರಿ? ನಾಕ ವರ್ಷ ಬಿಸಲಾಗ ಕುಂತ ಗಳಿಸಿದ್ದದು. ಬಟನ್ನು ಇಲ್ಲೆ ಬಿಟ್ಟ ಹೋಗ್ರಿ, ಹೇಳತೀನಿ.”

“ಇದನ್ನ ಬಿಡೂದಿಲ್ಲ.”

“ಹಂಗಾರ ಬ್ಯಾರೆ ತರ್ರಿ. ಬ್ಯಾರೆ ಬಟನ್ನಿಗೆ ಬ್ಯಾರೆ ಹಕೀಕತ್. ಇಷ್ಟ ಹೇಳತೀನಿ, ಕೊಸರು ಅಂತ ತಿಳೀರಿ. ಅಂಬಿಗ ಊರ ಮಂದೀನ್ನೆಲ್ಲಾ ದಾಟಸ್ತಿದ್ದ. ತಾ ಮಾತ್ರ ಯಾವ ದಂಡಿಗೂ ಇಳೀತಿದ್ದಿಲ್ಲ.”

ಹೀಗೆ ಶುರುವಾಯಿತು. ದಿನಾ ಸಂಜೆ ಒಂದು ಬಟನ್ನು ಕೊಡುವುದು, ಅದರ ಜೊತೆ ಶ್ರೀಪಾದ ಆಡಿದ್ದನ್ನು ಇಸಿದುಕೊಳ್ಳುವುದು. ಅವಳು ಕೈಬಿಗಿಯವಳು. ಇಷ್ಟೇ ಹೇಳಿದ್ದು ಅನ್ನುತ್ತಿದ್ದಳು. ಇಷ್ಟೇ ಇರಲಿಕ್ಕಿಲ್ಲ, ಹಿತ್ತಾಳೆ ಬಟನ್ನು ಇದು, ತೂಕ ನೋಡು ಎಂದು ನಾನು ಜಗಳ ತೆಗೆಯುತ್ತಿದ್ದೆ. ಆಗ ಇನ್ನೊಂದು ತುಣುಕು ಹೊರಗೆ ಬರುತ್ತಿತ್ತು. ಒಬ್ಬ ನ್ಯಾಯಾಧೀಶನ ನಿಲುವಂಗಿಯ ಬಟನ್ನು. ಅವನು ಶಿಕ್ಷೆ ಕೊಡುವಾಗಲೆಲ್ಲ ಅದನ್ನು ತಿರುವುತ್ತಿದ್ದ, ಅದು ಹರಿದ ದಿನ ಎಲ್ಲರನ್ನೂ ಬಿಟ್ಟುಬಿಟ್ಟ. ಒಂದು ಚಿಪ್ಪಿನ ಬಟನ್ನು ಇಬ್ಬರು ಅಕ್ಕತಂಗಿಯರ ನಡುವೆ ಮೂವತ್ತು ವರ್ಷ ಮಾತು ಬಿಡಿಸಿತ್ತು. ಒಂದೊಂದು ಸಲ ಫಕ್ಕೀರವ್ವ ಶ್ರೀಪಾದನ ಹಾಗೇ ತಲೆ ಓರೆ ಮಾಡಿ ಹೇಳುತ್ತಿದ್ದಳು. ಆ ಓರೆ ನನಗೆ ಗುರುತು ಸಿಗುತ್ತಿತ್ತು. ಮೊದಲ ಸಲ ಗುರುತು ಸಿಕ್ಕ ದಿನ ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಳುತ್ತಿದ್ದಾಗಲೂ ಅವಳ ಮೇಲೆ ಸಿಟ್ಟೇ ಇತ್ತು.

ನಮ್ಮ ಜಗಳ ಕೇಳಲು ಕಿಟಕಿಗಳು ತೆರೆದವು. ಆಮೇಲೆ ಬಾಗಿಲುಗಳು. ವತ್ಸಲಾಬಾಯಿ ಒಂದು ಸಂಜೆ ಹಳೇ ರವಿಕೆ ಹಿಡಿದುಕೊಂಡು ಬಂದು ಹುಕ್ಕಿಗೆ ಚೌಕಾಸಿ ಮಾಡಿದರು. “ಕೋರ್ಟಿನ್ಯಾಗ ನಮ್ಮನಿಯವರು ಇಷ್ಟು ವಾದಾ ಮಾಡಿದ್ರ ಎಂದೋ ಕೇಸ್ ಗೆಲ್ತಿದ್ರು ನೋಡವಾ,” ಎಂದು ತಾವೇ ನಕ್ಕರು. ಫಕ್ಕೀರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಬೇರೆಯವರ ಜೊತೆ ಅವಳು ನಗುವಾಗ ನಾನು ಒಳಗಿನಿಂದ ಪಾತ್ರೆ ಸದ್ದು ಮಾಡುತ್ತಿದ್ದೆ.

ಓಣಿ ಅಗಲವಾಯಿತು. ನಮ್ಮ ಪಡಸಾಲೆ ಮುಕ್ಕಾಲು ಮೊಳ ಹಿಂದೆ ಸರಿಯಿತು. ಗೋಡೆಗೆ ಹಾಕಿದ್ದ ಅವನ ಮಂಚಕ್ಕೆ ಜಾಗ ಉಳಿಯಲಿಲ್ಲ. ಇಮಾಮಸಾಬರ ಮಗಳಿಗೆ ಬೇಕಾಗಿತ್ತು, ಒಯ್ದರು. ಹೊರಗೆ ಹಾಕುವಾಗ ಮಂಚ ಓಣಿಯಲ್ಲಿ ನೇರವಾಗಿ ಹಿಡಿಯಿತು. ನಾಲ್ಕು ಜನ ನಾಲ್ಕು ಕಾಲು ಹಿಡಿದು, ಮಾತಾಡಿಕೊಳ್ಳುತ್ತ, ಯಾವ ಗೋಡೆಗೂ ತಾಗಿಸದೆ ಒಯ್ದರು.

ಮತ್ತೆ ಮಾರ್ಚ್ ಬಂತು. ನಮ್ಮ ಓಣಿಯನ್ನು ನಾನೇ ಕೊನೆಗೆ ಉಳಿಸಿದ್ದೆ. ಇಮಾಮಸಾಬರು ಸರಪಳಿಯ ತುದಿಯನ್ನು ನನ್ನ ಮೆಟ್ಟಿಲಿಗೆ ಹಚ್ಚಿದರು. ಫಕ್ಕೀರವ್ವ ಚಿಪ್ಪು ಸರಿಸಿ ಜಾಗ ಕೊಟ್ಟಳು, ಸರಪಳಿಯ ಕಡೆ ನೋಡಲಿಲ್ಲ. ಅವಳು ಬೆಳಿಗ್ಗೆಯೇ ಅಳೆದಿರುತ್ತಾಳೆ.

“ನಾಕ ಮೊಳ ಎರಡ ಬೆರಳ,” ಎಂದರು ಇಮಾಮಸಾಬರು. ಮೆಲ್ಲಗೆ ಮತ್ತೆ ಹೇಳಿದರು, “ಎರಡ ಬೆರಳ ಅಷ್ಟರಿ ಹೆಚ್ಚಿಗಿ. ಸರಪಳಿ ಒಮ್ಮೊಮ್ಮಿ ಜಗ್ಗತೈತಿ.”

ಅವರು ಏನು ಹೇಳುತ್ತಿದ್ದಾರೆಂದು ನನಗೆ ಅರ್ಥವಾಯಿತು. ಮೂರೂ ಮುಕ್ಕಾಲು ಎಂದು ಬರೆದರೆ ಅವಳು ಇನ್ನೊಂದು ವರ್ಷ ನನ್ನ ಬಾಗಿಲಲ್ಲೇ ಇರುತ್ತಾಳೆ. ನಾಲ್ಕು ದಾಟಿತೆಂದು ಬರೆದರೆ ನಾಳಿದ್ದು, ಈ ವರ್ಷ ಎಲ್ಲಕ್ಕಿಂತ ಇಕ್ಕಟ್ಟಾದ ಗಡಿಯಾರದವರ ಓಣಿಗೆ ಹೋಗುತ್ತಾಳೆ. ಅಲ್ಲಿಯ ಯಾರೋ ಮೆಟ್ಟಿಲ ಮೇಲೆ ಕೂತು ಅವಳನ್ನು ನಗಿಸುತ್ತಾರೆ. ನನ್ನ ಕೈ ಮೂರರ ಕಡೆಗೇ ಹೋಯಿತು. ಹಿಂದಿನ ವರ್ಷ ಐದು ಬರೆದ ಅದೇ ಕೈ, ಅದೇ ಕಿಚ್ಚು. ಆ ವಾರವಷ್ಟೇ ಗಡಿಯಾರದವರ ಓಣಿಯಲ್ಲಿ ಬಸುರಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಓರೆ ಮಾಡಿ ಹೊರಗೆ ತಂದದ್ದನ್ನು ನಾನು ಸರಪಳಿ ಹಿಡಿದುಕೊಂಡೇ ನೋಡಿದ್ದೆ.

“ಸಾಬರ, ಚಟ್ಟ ನೇರ ಹೋಗಲಿಕ್ಕೆ ಎಷ್ಟು ಬೇಕು?” ಎಂದು ಕೇಳಿದೆ.

ಅವರು ತಕ್ಷಣ ಹೇಳಿದರು. “ಮೂರೂವರಿ. ಎರಡೂ ಕಡೆ ಹೆಗಲ ಹಿಡೀಬೇಕಲ್ರಿ. ಅವತ್ತ ಹಿಂದಿನ ಹೆಗಲಿಗೆ ನಾನ ಇದ್ದೆ. ಎಡಗಡೆ ಯಾರಿಗೂ ನಿಲ್ಲಾಕ ಬರಲಿಲ್ಲ.”

ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಹೊರಡುವ ದಿನ ಫಕ್ಕೀರವ್ವ ಟ್ರಂಕಿಗೆ ಹಗ್ಗ ಬಿಗಿಯುತ್ತ, “ಈ ಸಲ ಬೆರಳ ಕದೀಲಿಲ್ಲ ಅಂದಂಗಾತು,” ಎಂದಳು. “ಕದೀಬೇಕಾಗಿತ್ತೇನು?” ಎಂದೆ. ಅವಳು ಹಗ್ಗದ ಗಂಟನ್ನು ಇನ್ನೊಮ್ಮೆ ಜಗ್ಗಿದಳು. ವತ್ಸಲಾಬಾಯಿ ಅವಳ ಕೈಗೆ ಅವಲಕ್ಕಿಯ ಪೊಟ್ಟಣ ಇಟ್ಟು, ತಾವು ಅತ್ತರು. ಬಾಯಿ ಬಿಟ್ಟೇ ಅತ್ತರು. ಅವರಿಗೆ ಅದು ಎಷ್ಟು ಸಲೀಸು ಎಂದು ನಾನು ನೋಡುತ್ತ ನಿಂತೆ.

ಈಗ ಆಫೀಸು ಬಿಟ್ಟ ಕೂಡಲೇ ನಾನು ಗಡಿಯಾರದವರ ಓಣಿಯ ಕಡೆ ಹೋಗುತ್ತೇನೆ. ಮನೆಗೆ ಬರುವುದು ತಡವಾಗುತ್ತದೆ. ಮೊದಲ ತಿಂಗಳಲ್ಲೇ ಡಬ್ಬಿ ಖಾಲಿಯಾಯಿತು. ಉಳಿದದ್ದು ಕರಿ ಬಟನ್ನು ಒಂದೇ. ಅದನ್ನು ಕೊಟ್ಟರೆ ಅಂಬಿಗನ ಕಥೆ ಪೂರಾ ಸಿಗುತ್ತದೆ. ಆಮೇಲೆ ಶ್ರೀಪಾದ ಆಡಿದ್ದು ಎಂಬುದು ಯಾವುದೂ ಉಳಿಯುವುದಿಲ್ಲ. ಹಾಗಾಗಿ ಕೊಡದೆ ಡಬ್ಬಿಯಲ್ಲಿಟ್ಟುಕೊಂಡು ತಿರುಗುತ್ತೇನೆ.

ನಿನ್ನೆ ಹೋದಾಗ ಒಬ್ಬ ಮುದುಕ, ಗಡಿಯಾರ ರಿಪೇರಿಯವನಿರಬೇಕು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಪಿನ್ನಿಗೆ ವಾದ ನಡೆದಿತ್ತು. ಫಕ್ಕೀರವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಾನು ಡಬ್ಬಿ ಅಲುಗಾಡಿಸಿದೆ. ಒಂದೇ ಬಟನ್ನು ಟಣ್ ಟಣ್ ಎಂದಿತು. ಅವಳು ತಿರುಗಿ ನೋಡದೆ, “ನಿಂದರ್ರಿ ಅಕ್ಕಾರ, ಗಿರಾಕಿ ಅದಾರ,” ಎಂದಳು. ನಿಂತೆ. ಮುದುಕ ಹೋಗುವ ತನಕ ಹೊಟ್ಟೆ ಉರಿಯುತ್ತ ನಿಂತೆ. ಮೇಲಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಸಂದಿಯಿಂದ ನಮ್ಮನ್ನು ನೋಡುತ್ತಿದ್ದಳು.

ನನ್ನ ಸರದಿ ಬಂದಾಗ ತಾಡಪಾಲಿನ ಮುಂದೆ ಕೂತೆ. ಚಿಪ್ಪಿನಲ್ಲಿ ಕೈಯಾಡಿಸಿ ಒಂದು ಸಣ್ಣ ಬಿಳಿ ಬಟನ್ನು ತೆಗೆದೆ. ಅದು ಡಬ್ಬಿಯದಲ್ಲ, ಅವಳದೇ. ಅವಳು ರೇಟು ಹೇಳಿದಳು.

“ಅಷ್ಟ್ಯಾಕ?” ಎಂದೆ. ಕಿಟಕಿಯವಳಿಗೂ ಕೇಳಲಿ ಎಂದು ದನಿ ಏರಿಸಿದೆ. “ಇದು ಎಲ್ಲಿದು ಗೊತ್ತದ ಏನು? ಅಂಬಿಗನ ಹೆಂಡತಿ ರವಿಕಿದು. ಹೊಳಿ ದಂಡಿ ಮ್ಯಾಲ ಕೂತು, ಅಂವ ಈ ಕಡೆ ಯಾವಾಗ ಇಳೀತಾನ ಅಂತ ಹಾದಿ ನೋಡಿ ನೋಡಿ, ಬೆರಳಿನ್ಯಾಗ ತಿರುವಿ ತಿರುವಿ, ದಾರ ಸವದು ಬಿದ್ದದ್ದು. ಇಂಥಾ ಸವಕಲು ಬಟನ್ನಿಗೆ ಅಷ್ಟು ಕೊಡೂದಿಲ್ಲ.”

ಫಕ್ಕೀರವ್ವ ನನ್ನನ್ನೇ ನೋಡಿದಳು. ಸೆರಗು ಬಾಯಿಯ ತನಕ ಹೋಗಿ ನಿಂತಿತು.

“ಅಂಬಿಗಗ ಹೆಂಡ್ತಿ ಇದ್ದಳಂತ ರಾಯರು ಎಂದೂ ಹೇಳಲಿಲ್ರಿ.”

“ಇದ್ದಳು,” ಎಂದೆ.